ನೆಲಗಪ್ಪೆಗಳಿಗೊಂದು ಗಾಜಿನ ಮನೆ

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಹೆಂಡತಿಯ ಫೋನ್ ಬಂದಾಗ ಬಾಲಚಂದ್ರ ಬಚ್ಚಲುಮನೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ನೀಲಿ ಪ್ಲಾಸ್ಟಿಕ್ ಟಬ್ಬಿನೊಳಗಿದ್ದ ಎರಡು ನೆಲಗಪ್ಪೆಗಳನ್ನು ನೋಡುತ್ತಿದ್ದ.

"ಎಲ್ಲಿದ್ದೀನಿ ಹೇಳಿ ನೋಡೋಣ," ಎಂದಳು ಅರ್ಪಿತಾ.

"ಹಾಸನದಲ್ಲಿ."

"ವಿಜಯವಾಡ ಸ್ಟೇಷನ್ನಲ್ಲಿ. ಇಡ್ಲಿ ತಿಂತಿದ್ದೀನಿ. ಸಾಯಂಕಾಲ ಐದಕ್ಕೆಲ್ಲ ನಿಮ್ಮೂರು ಬರುತ್ತಂತೆ. ಗೀಸರ್ ಹಾಕಿಟ್ಟಿರಿ, ಬಂದವಳೇ ಮೊದಲು ಸ್ನಾನ ಮಾಡ್ಬೇಕು."

"ಸ್ನಾನನಾ?"

"ಯಾಕೆ, ನಿಮ್ಮ ವೈಜಾಗ್‌ನಲ್ಲಿ ಯಾರೂ ಮಾಡಲ್ವಾ?"

ಬಾಲಚಂದ್ರ ಬ್ಯಾಂಕ್ ಅಧಿಕಾರಿ. ವರ್ಗವಾಗಿ ವೈಜಾಗ್‌ನ ಮಧುರವಾಡಕ್ಕೆ ಬಂದು ಎಂಟು ತಿಂಗಳಾಗಿತ್ತು. ಹಾಸನದಲ್ಲಿ ಹೈಸ್ಕೂಲ್ ಟೀಚರಾಗಿದ್ದ ಅರ್ಪಿತಾಳನ್ನು ಬಂದು ಜೊತೆಗಿರು ಎಂದು ಅವನು ಕರೆದಾಗಲೆಲ್ಲ ಆಕೆ "ನೋಡೋಣ" ಎನ್ನುತ್ತಿದ್ದಳು. ಈಗ ನೋಡಲು ತಾನಾಗಿ ಹೊರಟಿದ್ದಾಳೆ. ಅವಳು ಕಾಲಿಡಬೇಕಾದ ಮೊದಲ ಜಾಗದಲ್ಲೇ ಇವು ಕೂತಿವೆ.

ಮೊದಲ ಮಳೆಗೆ ಮೋರಿಯ ಕಡೆಯಿಂದ ಬಂದಿದ್ದವು. ಮೂರು ಸಲ ಕಾಗದದಲ್ಲಿ ಎತ್ತಿ ಹೊರಗೆ ಬಿಟ್ಟ, ಮೂರು ಸಲವೂ ತಿರುಗಿ ಬಂದವು. ನಾಲ್ಕನೆಯ ಸಲ ಎತ್ತಲು ಹೋದಾಗ ದೊಡ್ಡದು ಒಂದು ಪತಂಗವನ್ನು ಗಬಕ್ಕನೆ ನುಂಗಿ, ಪಂಕ್ತಿಯಲ್ಲಿ ಕೂತ ಹಿರಿಯರು ಹೋಳಿಗೆ ಸವಿಯುವಂತೆ ಕಣ್ಣು ಮುಚ್ಚಿತು. ಕಣ್ಣು ಯಾಕೆ ಮುಚ್ಚಿತು? ಹುಡುಕಿ ಓದಿದ. ಕಪ್ಪೆ ಕಣ್ಣುಗುಡ್ಡೆಗಳನ್ನು ಒಳಕ್ಕೆ ಒತ್ತಿ ಆಹಾರವನ್ನು ಗಂಟಲಿಗೆ ತಳ್ಳುತ್ತದಂತೆ. ನಲವತ್ತೆರಡು ವರ್ಷ ಯಾವುದಕ್ಕೂ ಬೆರಗಾಗದ ಮನುಷ್ಯ ಅಂದು ಊಟ ಮಾಡುವಾಗ ತಾನೂ ಒಮ್ಮೆ ಪ್ರಯತ್ನಿಸಿ ನೋಡಿದ. ಅಂದಿನಿಂದ ಅವು ದಪ್ಪಯ್ಯ ಮತ್ತು ಸಣ್ಣಯ್ಯ.

ಉಳಿದಿರುವುದು ಏಳು ಗಂಟೆ. ಬಾಲಚಂದ್ರ ಎದುರುಮನೆಗೆ ಓಡಿದ. ಅಲ್ಲಿದ್ದ ಹಿಮಬಿಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಅವಳ ಮನೆಯ ಗಾಜಿನ ಮೀನಿನ ತೊಟ್ಟಿಯಲ್ಲಿ ಈಗ ಮೀನುಗಳಿರಲಿಲ್ಲ. ತನಗೆ ಬರುವ ಅರೆಬರೆ ತೆಲುಗಿನಲ್ಲಿ ಸಂಗತಿ ಹೇಳಿ ಆ ತೊಟ್ಟಿ ಕೇಳಿದ.

"ಟಬ್ಬಲ್ಲಿಟ್ಟಿದ್ದೀರಾ ಸಾರ್?" ಎಂದು ಅವಳು ಕೇಳಿದ ಧಾಟಿಗೆ ಅವನು ತಲೆ ತಗ್ಗಿಸಿದ. "ಅವಕ್ಕೆ ಅಗೆಯೋಕೆ ಮಣ್ಣು ಬೇಕು. ಕೆಳಗೆ ದುಂಡು ಕಲ್ಲು, ಅದರ ಮೇಲೆ ಬಲೆ, ಬಲೆಯ ಮೇಲೆ ನಾಲ್ಕು ಬೆರಳು ಮಣ್ಣು. ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸಿ. ನಲ್ಲಿನೀರು ಹಾಕಬೇಡಿ, ಕ್ಲೋರಿನ್ ಇರುತ್ತೆ. ನಿನ್ನೆ ಹಿಡಿದಿಟ್ಟ ನೀರು ನನ್ನ ಹತ್ತಿರ ಇದೆ, ತರ್ತೀನಿ."

ಮಣ್ಣಿಗೆ ಕೆಳಮನೆಯ ಮಾಲೀಕ ದಕ್ಷಿಣಾಮೂರ್ತಿಗಳೇ ಗತಿ. ಬಂದರಿನ ಕೆಲಸದಿಂದ ನಿವೃತ್ತರಾದ ಮೇಲೆ ತಾರಸಿಯ ತುಂಬ ಗುಲಾಬಿ ಬೆಳೆದವರು. ಕೇಳಿದ್ದೇ ತಡ, ಬಕೆಟ್ಟು ತುಂಬ ಕಪ್ಪು ಮಣ್ಣು ತಂದರು. ಹಿಮಬಿಂದು ಒಂದು ಚಿಟಿಕೆ ತೆಗೆದು ಮೂಸಿದಳು.

"ಇದರಲ್ಲಿ ಯೂರಿಯಾ ಇದೆ ಅಂಕಲ್. ಕಪ್ಪೆ ಬಾಯಲ್ಲಿ ನೀರು ಕುಡಿಯಲ್ಲ, ಹೊಟ್ಟೆಯ ಚರ್ಮದಿಂದ ಹೀರ್ಕೊಳ್ಳುತ್ತೆ. ಇದರ ಮೇಲೆ ಕೂತರೆ ಗೊಬ್ಬರಾನೂ ಹೀರುತ್ತೆ."

"ಈ ಮಣ್ಣಲ್ಲಿ ಬೆಳೆದ ಹೂವು ಸಿಂಹಾಚಲದ ಸ್ವಾಮಿಗೆ ಆಗುತ್ತೆ, ಕಪ್ಪೆಗೆ ಆಗೋದಿಲ್ಲ," ಎಂದು ದಕ್ಷಿಣಾಮೂರ್ತಿಗಳು ಬಕೆಟ್ಟು ಎತ್ತಿಕೊಂಡು, ಹೆಣ್ಣು ಕೊಡಲಾರೆವೆಂದು ಹೇಳಿಸಿಕೊಂಡ ಗಂಡಿನ ಕಡೆಯವರ ಹಾಗೆ ಇಳಿದುಹೋದರು.

ಇನ್ನು ನಾರಿನ ಪುಡಿಯಾದರೂ ಆಗಲಿ ಎಂದು ಬಾಲಚಂದ್ರ ನರ್ಸರಿಯಿಂದ ಅದರ ಒಂದು ಒತ್ತಿದ ಇಟ್ಟಿಗೆ ತಂದ. ಒಂದು ತುಂಡು ಮುರಿದು ನೆನೆಸಿ ಎಂದು ಹಿಮಬಿಂದು ಹೇಳಿದ್ದಳು. ಇಷ್ಟು ಚಿಕ್ಕದನ್ನು ಏನು ಮುರಿಯುವುದು ಎಂದುಕೊಂಡು ಇಡೀ ಇಟ್ಟಿಗೆಯನ್ನು ಬಚ್ಚಲಿನ ಬಕೆಟ್ಟಿಗೆ ಹಾಕಿ ನಲ್ಲಿ ಬಿಟ್ಟು, ಹಿಮಬಿಂದು ಕೊಟ್ಟ ತೊಟ್ಟಿ ಒರೆಸಲು ಹೋದ. ಹಿಂತಿರುಗಿದಾಗ ಬಕೆಟ್ಟು ಕಾಣಲಿಲ್ಲ. ಅದಿದ್ದ ಕಡೆ ನೀರು ಕುಡಿದು ಉಬ್ಬಿದ ಒಂದು ಕಂದು ಗುಡ್ಡವಿತ್ತು. ಗುಡ್ಡ ಇನ್ನೂ ಬೆಳೆಯುತ್ತಿತ್ತು. ಅದರ ಅರ್ಧ ಜಾರಿ ಮೋರಿಯ ಬಾಯಿ ಮುಚ್ಚಿ, ನೀರು ಹೊಸ್ತಿಲು ದಾಟುತ್ತಿತ್ತು. ನೀಲಿ ಟಬ್ಬು ತೇಲುತ್ತಿತ್ತು. ಒಳಗೆ ಯಾರೂ ಇರಲಿಲ್ಲ.

ಅವನು ಮೊಣಕೈವರೆಗೆ ಕೆಸರಿನಲ್ಲಿ ಕೈಯಾಡಿಸುತ್ತಿರುವಾಗ ಬಾಗಿಲಲ್ಲಿ ಕೋಟೇಶ್ವರಮ್ಮ ನಿಂತಿದ್ದರು. ದಕ್ಷಿಣಾಮೂರ್ತಿಗಳ ಹೆಂಡತಿ, ಬಳ್ಳಾರಿ ಕಡೆಯವರು. ಮದುವೆಯಾಗಿ ನಲವತ್ತು ವರ್ಷ ಕಳೆದರೂ ಕನ್ನಡ ಬಿಟ್ಟವರಲ್ಲ.

"ಏನ್ ಬಾಬೂ, ಮ್ಯಾಲ ಏನ್ ನಡ್ಸೀಯಪ? ನಮ್ ಅಡಿಗಿಮನ್ಯಾಗ ಛಾವಣಿಯಿಂದ ಕಾಫಿ ಸೋರಾಕತ್ತೈತಿ."

ಬಾಲಚಂದ್ರ ಬಾಯಿ ತೆರೆಯುವ ಮೊದಲೇ ದಪ್ಪಯ್ಯ ಗುಡ್ಡದ ನೆತ್ತಿಯಿಂದ ನೆಗೆದು ಆಕೆಯ ಪಾದದ ಮೇಲೆ ಬಂದು ಕೂತ. ಬಾಲಚಂದ್ರ ಕಣ್ಣು ಮುಚ್ಚಿಕೊಂಡ. ಕಿರುಚಾಟ ಕೇಳಲಿಲ್ಲ. ಕಣ್ಣು ಬಿಟ್ಟು ನೋಡಿದರೆ, ಆಕೆ ದಪ್ಪಯ್ಯನನ್ನು ಬೆಣ್ಣೆಯುಂಡೆಯಂತೆ ಅಂಗೈಯಲ್ಲಿಟ್ಟುಕೊಂಡಿದ್ದರು.

"ಎಷ್ಟು ತಂಪದಾನ ನೋಡು. ಇನ್ನೊಬ್ಬ ಎಲ್ಲಿ?"

ಅಲ್ಲಿಂದ ಮುಂದೆ ಕೆಲಸ ಅವರ ಕೈಗೆ ಹೋಯಿತು. ಸಣ್ಣಯ್ಯನನ್ನು ಸೋಪಿನ ಡಬ್ಬಿಯ ಹಿಂದಿನಿಂದ ತೆಗೆದರು, ಮೋರಿ ಬಿಡಿಸಿದರು. ಮೆಟ್ಟಿಲ ಬಳಿ ನಿಂತು ಗಂಡನನ್ನು ಕೂಗಿ ಗೊಬ್ಬರವಿಲ್ಲದ ಕೆಮ್ಮಣ್ಣು ತರಿಸಿದರು. ಮುನಿಸು ಮರೆತ ದಕ್ಷಿಣಾಮೂರ್ತಿಗಳು ಮಣ್ಣಿನ ಜೊತೆಗೆ ಒಂದು ಜರಿಗಿಡವನ್ನೂ ತಂದರು. ಕೋಟೇಶ್ವರಮ್ಮನ ಕಿಟಕಿಯಿಂದ ಮನಿಪ್ಲಾಂಟ್ ಬಂತು. ಒಡೆದ ಮಡಕೆಯ ಅರ್ಧ ಗುಹೆಯಾಯಿತು, ಮಣ್ಣಿನ ತಟ್ಟೆ ಕೊಳವಾಯಿತು. ಗೃಹಪ್ರವೇಶವೆಂದು ಆಕೆ ಅರಿಸಿನದ ನೀರು ಚಿಮುಕಿಸಲು ಹೊರಟಾಗ, ಹಿಡಿದಿಟ್ಟ ನೀರು ತಂದಿದ್ದ ಹಿಮಬಿಂದು ಅಡ್ಡ ಬಂದಳು. ಕೊನೆಗೆ ಗಾಜಿನ ಹೊರಮೈಗೆ ಅರಿಸಿನ ಕುಂಕುಮ ಹಚ್ಚುವುದೆಂದು ರಾಜಿಯಾಯಿತು.

ಇಬ್ಬರನ್ನೂ ಒಳಗೆ ಬಿಟ್ಟು ಜಾಲರಿ ಮುಚ್ಚಿದರು. ದಪ್ಪಯ್ಯ ಜರಿಗಿಡದ ಬುಡದಲ್ಲಿ ನಿಂತು ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಹಿಂಗಾಲಿನಿಂದ ಮಣ್ಣು ಕೆದರುತ್ತ, ರಿವರ್ಸ್ ಹಾಕಿದ ಲಾರಿಯಂತೆ ಹಿಂದು ಹಿಂದಕ್ಕೆ ಇಳಿಯತೊಡಗಿದ. ಸೊಂಟ ಹೋಯಿತು, ಬೆನ್ನು ಹೋಯಿತು. ನಾಲ್ವರೂ ಗಾಜಿಗೆ ಮೂಗು ಒತ್ತಿಕೊಂಡು ನೋಡಿದರು. ಕಡೆಗೆ ಮಣ್ಣಿನ ಮೇಲೆ ಎರಡು ಕಣ್ಣು ಮಾತ್ರ ಉಳಿದವು.

"ಹಿಂದಕ್ಕೇ ಯಾಕೆ ಹೋಗುತ್ತೆ?" ಎಂದರು ದಕ್ಷಿಣಾಮೂರ್ತಿಗಳು ಪಿಸುಮಾತಿನಲ್ಲಿ.

"ಬಾಗಿಲು ಕಾಯೋಕೆ," ಎಂದ ಬಾಲಚಂದ್ರ. "ಮುಖ ಹೊರಗಿದ್ದರೆ ಶತ್ರುನೂ ಕಾಣ್ತಾನೆ, ಊಟಾನೂ ಕಾಣುತ್ತೆ."

"ನಾನು ಆರು ಸಲ ಫೋನ್ ಮಾಡಿದ್ದೂ ಕಾಣುತ್ತಾ?"

ಅರ್ಪಿತಾ ಬಾಗಿಲಲ್ಲಿ ಸೂಟ್‌ಕೇಸ್ ಹಿಡಿದು ನಿಂತಿದ್ದಳು. ಆಟೋ ಹಿಡಿದು ವಿಳಾಸ ಕೇಳಿಕೊಂಡು ಬಂದಿದ್ದಳು. ಆಗ ಐದೂವರೆ.

ಅವಳು ಹೇಸಿ ಕಿರುಚಿ ರಂಪ ಮಾಡುತ್ತಾಳೆಂದು ಬಾಲಚಂದ್ರ ಅಂದುಕೊಂಡದ್ದು ಯಾವುದೂ ಆಗಲಿಲ್ಲ. ಬಚ್ಚಲು ತೊಳೆದು ಫಳಫಳ ಎನ್ನುತ್ತಿತ್ತು. ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಕೋಟೇಶ್ವರಮ್ಮ ಹೆಸರುಕಾಳಿನ ಬಿಸಿ ಪೆಸರಟ್ಟು ತಂದಿದ್ದರು. ಅರ್ಪಿತಾ ತಟ್ಟೆ ಹಿಡಿದುಕೊಂಡೇ ತೊಟ್ಟಿಯ ಮುಂದೆ ಕೂತು ಒಂದೊಂದಾಗಿ ಕೇಳಿದಳು. ಅವನು ಹೊಟ್ಟೆಯಿಂದ ನೀರು ಕುಡಿಯುವುದನ್ನು ಹೇಳಿದ, ಕಣ್ಣಿನಿಂದ ನುಂಗುವುದನ್ನು ಮಾಡಿ ತೋರಿಸಿದ. ಅವಳು ನಕ್ಕಳು. ಮೂವರು ನೆರೆಯವರೂ ಹೊರಟ ಮೇಲೆ ಬಾಲಚಂದ್ರನಿಗೆ ಗೆದ್ದೆ ಅನ್ನಿಸಿತು.

"ಇಷ್ಟ ಆಯ್ತೇನೇ ಈ ಮನೆ?"

"ತುಂಬಾ," ಎಂದು ಅರ್ಪಿತಾ ಬ್ಯಾಗಿನಿಂದ ಒಂದು ಉದ್ದನೆಯ ಲಕೋಟೆ ತೆಗೆದಳು. "ಇದೇನು ಗೊತ್ತಾ? ಒಂದು ವರ್ಷದ ರಜೆ ಮಂಜೂರಾಗಿರೋ ಪತ್ರ. ದಿನಾ ಫೋನಲ್ಲಿ ಅಳ್ತಿದ್ರಲ್ಲ, ಇಲ್ಲಿ ಮಾತಾಡೋಕೆ ಒಬ್ರೂ ಇಲ್ಲ, ಗೋಡೆ ನೋಡ್ಕೊಂಡು ಊಟ ಮಾಡ್ತೀನಿ ಅಂತ. ಪಾಪ ಅನ್ನಿಸ್ತು. ಇಲ್ಲೇ ಇದ್ದುಬಿಡೋಣ ಅಂತ ಬಂದೆ."

ಬಾಲಚಂದ್ರನ ಮುಖ ಅರಳಿತು.

"ಬಂದು ನೋಡಿದ್ರೆ ಮನೆ ತುಂಬ ಜನ. ಹದಿನಾರು ವರ್ಷದಲ್ಲಿ ನೀವು ಇಷ್ಟು ಮಾತಾಡಿದ್ದನ್ನ ನಾನು ಕೇಳೇ ಇರ್ಲಿಲ್ಲ ಕಣ್ರೀ. ನಿಜವಾಗ್ಲೂ ಸಮಾಧಾನ ಆಯ್ತು." ಅವಳು ಲಕೋಟೆಯನ್ನು ಜೋಪಾನವಾಗಿ ಬ್ಯಾಗಿಗೆ ಹಿಂದಿರುಗಿಸಿದಳು. "ಹತ್ತನೇ ಕ್ಲಾಸಿನ ಮಕ್ಕಳನ್ನ ನಡುವೆ ಬಿಟ್ಟು ಬರೋದು ಮನಸ್ಸಿಗೆ ಒಗ್ಗಿರ್ಲಿಲ್ಲ. ರಜೆ ಬೇಡ ಅಂತ ನಾಳೆನೇ ತಿಳಿಸ್ತೀನಿ. ಬುಧವಾರದ ರೈಲಿಗೆ ಟಿಕೆಟ್ ನೋಡಿ."

"ಅಯ್ಯೋ, ಇಲ್ಲ ಕಣೇ. ಇವತ್ತೊಂದೇ ದಿನ ಹೀಗೆ. ಬೇರೆ ದಿನ ನನ್ನನ್ನ ಇಲ್ಲಿ ಯಾರೂ ಮಾತಾಡಿಸೋದೇ ಇಲ್ಲ."

ಕೆಳಗಿನಿಂದ ಕೋಟೇಶ್ವರಮ್ಮನ ದನಿ ಮೆಟ್ಟಿಲು ಹತ್ತಿ ಬಂತು. "ಬಾಬೂ, ನಿನ್ನ ಕಪ್ಪಿಗೆ ನಾಕು ಜಿರಳಿ ಹಿಡ್ದೀನಿ. ಡಬ್ಬಿ ತಗಂಡು ಲಗೂನ ಬಾರಪ, ಓಡಿ ಹೋಗ್ತಾವ. ಹಿಮಬಿಂದೂನೂ ಕಾಯಾಕತ್ತಾಳ."

"ಹೋಗಿ ಬನ್ನಿ," ಎಂದಳು ಅರ್ಪಿತಾ, ಖಾಲಿ ಡಬ್ಬಿಯೊಂದನ್ನು ಹುಡುಕಿ ಅವನ ಕೈಗಿಡುತ್ತ. "ಅಷ್ಟು ಪ್ರೀತಿಯಿಂದ ಕರೀತಿದ್ದಾರೆ."