ಕುದುರೆ ಮನೆಗೆ ಬಂದ ಪ್ಯಾದೆ

ನೇಮಣ್ಣ ಎಮ್ಮೆಯ ಕೆಚ್ಚಲಿಗೆ ಕೈ ಹಾಕಿದ್ದನಷ್ಟೇ, ಅಂಗಳದಿಂದ ಕೂಗು ಬಂತು.

"ನೇಮಣ್ಣಾ! ಹಾಲು ಆಮ್ಯಾಲ ಹಿಂಡಾಕ ಬರ್ತೈತಿ. ಚದುರಂಗ ಹಾಸು!"

ಮೂಡಲಗಿಯ ಅರಿವೆ ವ್ಯಾಪಾರಿ ಶಾಂತಿನಾಥ ಮೊದಲ ಬಸ್ಸಿಗೇ ಗೋಕಾಕಕ್ಕೆ ಬಂದಿದ್ದ. ನಯಾಪೈಸೆ ಬಂದ ವರ್ಷದಿಂದ ಇಬ್ಬರಿಗೂ ಇದೇ ಹುಚ್ಚು. ಇಂದು ಪಣವಿತ್ತು: ನೇಮಣ್ಣ ಗೆದ್ದರೆ ಶಾಂತಿನಾಥನ ಗೋಡೆ ಗಡಿಯಾರ; ಸೋತರೆ ಅಜ್ಜ ಮಾಡಿಸಿದ ಅರಗಿನ ಬಣ್ಣದ ಆನೆ, ಕುದುರೆ, ಒಂಟೆ ಕಾಯಿಗಳೆಲ್ಲ ಮಧ್ಯಾಹ್ನದ ಬಸ್ಸಿನಲ್ಲಿ ಮೂಡಲಗಿಗೆ.

ನೇಮಣ್ಣ ಕರುವನ್ನು ಕಟ್ಟದೆ ಓಡಿದ.

ಹತ್ತು ಗಂಟೆಗೆ ಶಾಂತಿನಾಥನ ವಜೀರ, ಆನೆಗಳು ಕರದಂಟಿನ ಅಂಗಡಿಯನ್ನು ಮುತ್ತಿದ ಮಕ್ಕಳಂತೆ ನೇಮಣ್ಣನ ರಾಜನನ್ನು ಮುತ್ತಿದ್ದವು. ಶಾಂತಿನಾಥನ ಉಳಿದ ಕಾಯಿಗಳು ಅವನದೇ ರಾಜನ ಸುತ್ತ, ಬಾಣಂತಿಯ ಕೋಣೆಯ ಹೆಂಗಸರಂತೆ, ಗಾಳಿಯೂ ಆಡದಂತೆ ಕೂತಿದ್ದವು. ನೇಮಣ್ಣನಿಗಿದ್ದ ಆಸೆ ಒಂದೇ: ಅತ್ತ ಅಂಚಿನಲ್ಲಿ ತಡೆಯುವವರಿಲ್ಲದೆ ಓಡುತ್ತಿದ್ದ ಎರಡು ಕಾಲಾಳು ಪ್ಯಾದೆ.

"ರಾಜನ್ನ ಉಳಸ್ಕೊಳ್ಳೊ!" ಎಂದ ನೆರೆಮನೆಯ ಖಂಡೆಪ್ಪ. ಮರುಕ್ಷಣ ತಾನೇ, "ಪ್ಯಾದಿ ಓಡಸೋ, ಪ್ಯಾದಿ!" ಎಂದ.

ಕೊಟ್ಟಿಗೆಯಿಂದ ಹೆಂಡತಿ ಜಿನ್ನವ್ವ ಚೀರಿದಳು. "ಏನ್ರಿ! ಕರಾ ಅಷ್ಟೂ ಹಾಲು ಕುಡದೈತಿ!"

ಅತ್ತ ತಿರುಗಿದ ನೇಮಣ್ಣನ ಕೈ ತಪ್ಪಿ ನಡೆಯಿತು. ಒಂದು ಪ್ಯಾದೆ ಹೋಯಿತು. ಇನ್ನೊಂದು ಊಟದ ಗಂಟೆ ಕೇಳಿದ ಶಾಲೆಯ ಹುಡುಗನಂತೆ ಓಡಿ ಕೊನೆಯ ಸಾಲು ಮುಟ್ಟಿತು; ಅಲ್ಲಿ ಮುಟ್ಟಿದ ಪ್ಯಾದೆ ದೊಡ್ಡ ಕಾಯಿಯಾಗಿ ಏಳುತ್ತದೆ.

"ವಜೀರ!" ನೇಮಣ್ಣ ಎದ್ದು ನಿಂತ.

"ಕುಂದರಪಾ," ಎಂದ ಶಾಂತಿನಾಥ. "ಹ್ವಾದ ವಾರ ನನ್ನ ಪ್ಯಾದಿ ಬಂದಾಗ ಏನಂದಿ? ಯಾರ ಮನಿಗೆ ಬಂತೋ ಅವರ ಆಗಬೇಕು, ಇದು ಒಂಟಿ ಮನಿ, ಒಂಟಿನ ಅಂದಿ. ಇದು ಕುದುರಿ ಮನಿ. ಕುದುರಿ ತಗೊ."

"ಅದು... ಅದು ಹ್ವಾದ ವಾರದ ಮಾತು!"

"ಖರೆ ಐತಿ ನೇಮಣ್ಣಾ, ನೀನ ಅಂದದ್ದು," ಎಂದ ಖಂಡೆಪ್ಪ, ಯಾರೂ ಕೇಳದಿದ್ದರೂ.

ನೇಮಣ್ಣನ ಎಂಟು ವರ್ಷದ ಮಗಳು ವಂದನಾ ಪಟದ ಮೇಲೆ ಬಗ್ಗಿದಳು. "ಅಪ್ಪಾ, ಕುದುರಿ..."

"ಸುಮ್ನಿರವಾ! ಆಟದಾಗ ಮಾತಾಡಬಾರದು."

"ಕಾಕಾ, ಕುದುರಿ ಆದ್ರ..."

"ದೊಡ್ಡವರ ನಡುವೆ ಬಾಯಿ ಹಾಕಬಾರದು, ತಂಗಿ," ಎಂದ ಶಾಂತಿನಾಥ.

ನೇಮಣ್ಣನ ಮುಖ ಮೆಣಸಿನಕಾಯಿಯಾಗಿತ್ತು. "ಈ ಕುದುರಿ ತಗೊಂಡು ಏನ್ ಮದುವಿ ಮೆರವಣಿಗಿ ಮಾಡ್ಲೇನು? ಹೋಗ್ಲಿ, ಸೋತೆ!" ಎಂದು ತನ್ನ ರಾಜನನ್ನು ತಾನೇ ಮಲಗಿಸಿದ.

ಶಾಂತಿನಾಥ ಅವನ ಮನಸ್ಸು ಬದಲಾಗುವ ಮೊದಲೇ ಕಾಯಿಗಳನ್ನು ಧೋತರದ ಚುಂಗಿನಲ್ಲಿ ಕಟ್ಟಿಕೊಂಡು ಹೊರಟ. ಬಸ್ಸು ಧೂಳೆಬ್ಬಿಸಿ ಮರೆಯಾಗುವವರೆಗೆ ನೇಮಣ್ಣ ನೋಡುತ್ತ ನಿಂತ. ಮನೆಗೆ ಬಂದರೆ ಜಿನ್ನವ್ವ ಹಾಲಿಲ್ಲದ ಚಹಾ ಮುಂದೆ ಕುಕ್ಕಿದಳು.

ವಂದನಾ ಬಂದು ಅವನ ತೊಡೆಗೆ ಒರಗಿದಳು.

"ಈಗರೆ ಮಾತಾಡ್ಲೇನಪಾ?"

"ಮಾತಾಡವಾ. ಇನ್ನೇನ ಉಳದೈತಿ."

"ಆ ಪ್ಯಾದಿ ಕುದುರಿ ಆಗಿದ್ರ, ಅಡ್ಡ ಎರಡ ಮನಿ, ಈಚೀಕ ಒಂದ ಮನಿ ಜಿಗದ್ರ... ಅಲ್ಲೇ ಕಾಕಾನ ರಾಜ ಕುಂತಿದ್ದಲ್ಲ? ಸುತ್ತಲೂ ಅವನವ ಕಾಯಿ. ಅಂವ ಎಲ್ಲಿಗಂತ ಓಡ್ತಿದ್ದನಪಾ?"