ಹನ್ನೆರಡರ ಕ್ರಿಸ್ಟಲ್

ಮೇಷ್ಟ್ರಾಗಿದ್ದವನಿಗೆ ನಿವೃತ್ತಿಯ ನಂತರವೂ ವಾಸಿಯಾಗದ ಒಂದು ಕಾಯಿಲೆಯಿದೆ. ಯಾರೂ ಕೇಳದಿದ್ದರೂ ‘ನಾನು ನೋಡ್ತೀನಿ ಬಿಡಿ’ ಎನ್ನುವುದು. ಚಿಕ್ಕಮಗಳೂರಿನ ಪಾಲಿಟೆಕ್ನಿಕ್ಕೊಂದರಲ್ಲಿ ಇಪ್ಪತ್ತೆಂಟು ವರ್ಷ ಮೈಕ್ರೋಕಂಟ್ರೋಲರ್ ಲ್ಯಾಬ್ ನೋಡಿಕೊಂಡ ನನಗೆ ಅದು ತುಸು ಜಾಸ್ತಿಯೇ ಇದೆ. ಹೋದ ಕಾಫಿ ಕುಯ್ಲಿನಲ್ಲಿ ಬಾಳೂರಿನ ಅಕ್ಕನ ಮನೆಗೆ ಹೋಗಿದ್ದಾಗ ಉಲ್ಬಣಿಸಿತು.

ಮೂರು ದಿನದಿಂದ ಮೋಡ ಮುಚ್ಚಿಕೊಂಡು ಕಣದಲ್ಲಿ ಹರಡಿದ, ಹಣ್ಣಿನ ಸಿಪ್ಪೆ ತೆಗೆದ ಪಾರ್ಚ್‌ಮೆಂಟ್ ಕಾಫಿ ಒಣಗದೆ, ಭಾವ ಎಲ್ಲವನ್ನೂ ಡ್ರೈಯರಿಗೆ ತುಂಬಿಸಿದ್ದರು. ಬಿಸಿ ಹೆಚ್ಚಾದರೆ ಕಾಫಿಯ ರುಚಿ ಕೆಡುತ್ತದೆ, ಕಡಿಮೆಯಾದರೆ ಬೂಷ್ಟು ಹಿಡಿಯುತ್ತದೆ. ಆ ಬಿಸಿಯನ್ನು ಅಳೆದು, ತಂತಿಯ ಮೂಲಕ ಆಫೀಸ್ ಕೋಣೆಯ ಪರದೆಗೆ ಕಳಿಸುವ ಪುಟ್ಟ ಬೋರ್ಡು ಅವತ್ತೇ ಕೈಕೊಟ್ಟಿತ್ತು. ಬಿಚ್ಚಿ ನೋಡಿದೆ. ಬೋರ್ಡಿನ ಚಿಪ್ ಎಷ್ಟು ವೇಗವಾಗಿ ಕೆಲಸ ಮಾಡಬೇಕೆಂದು ತಾಳ ಹಾಕಿಕೊಡುವ ಕ್ರಿಸ್ಟಲ್ ಕೆಟ್ಟಿತ್ತು. ಅದು ಹನ್ನೊಂದು ಚಿಲ್ಲರೆ ಮೆಗಾಹರ್ಟ್ಸ್‌ನದು. ನನ್ನ ತಗಡಿನ ಡಬ್ಬಿಯಲ್ಲಿ ಹನ್ನೆರಡರದು ಸಿಕ್ಕಿತು. ಅಷ್ಟರಲ್ಲೇನು ಮಹಾ ವ್ಯತ್ಯಾಸ ಎಂದುಕೊಂಡು ಬೆಸುಗೆ ಹಾಕಿಬಿಟ್ಟೆ.

ಪರದೆಯೇನೋ ಬೆಳಗಿತು. ಅಂಕಿ ಬರಬೇಕಾದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೂ ಗೀಟುಗಳೂ ಸಾಲುಗಟ್ಟಿ ಬಂದವು.

“ಇದು ಯಾವ ಭಾಷೆ ಮಾರಾಯ?” ಎಂದರು ಭಾವ.

“ಸ್ವಲ್ಪ ಹೊತ್ತು ತಡೀರಿ ಭಾವ, ಸರಿ ಹೋಗುತ್ತೆ.”

ಎರಡು ಗಂಟೆ ತಡೆದರು. ತಂತಿ ಬದಲಿಸಿದೆ, ಪ್ಲಗ್ ಉಜ್ಜಿದೆ, ಕ್ರಿಸ್ಟಲ್ಲನ್ನು ಬಿಟ್ಟು ಎಲ್ಲವನ್ನೂ ಅನುಮಾನಿಸಿದೆ. ಅಷ್ಟರಲ್ಲಿ ಭಾವ ಡ್ರೈಯರಿನ ಡ್ರಮ್ಮಿಗೆ ಕೈಯಿಟ್ಟೇ ಬಿಸಿ ಅಂದಾಜು ಮಾಡುತ್ತಾ, ನನಗೆ ಒಂದು ಮಾತೂ ಹೇಳದೆ ಮೂಡಿಗೆರೆಗೆ ಫೋನ್ ಮಾಡಿದ್ದರು.

ಜೀಪಿನಿಂದ ಇಳಿದವಳು ನಸೀಮಾ. ಮೂಡಿಗೆರೆಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದಾಳಂತೆ. ಒಂದು ಕಾಲದಲ್ಲಿ ನನ್ನ ಲ್ಯಾಬಿನ ಮೊದಲ ಬೆಂಚಿನ ಹುಡುಗಿ. ಅವಳನ್ನು ನೋಡಿದ್ದೇ ತಡ, ಬೆಸುಗೆಯ ರಾಳದ ಹೊಗೆ, ಹಸಿರು ಅಕ್ಷರದ ಹಳೆಯ ಪರದೆ, ಎಲ್ಲ ನೆನಪಾಯಿತು. ಅವಳ ಬ್ಯಾಚಿನವರು ಮೊದಲ ಬಾರಿ ಒಂದು ಬೋರ್ಡಿನಿಂದ ‘A’ ಎಂಬ ಒಂದೇ ಅಕ್ಷರವನ್ನು ತಂತಿಯ ಆ ತುದಿಗೆ ಕಳಿಸಿ ಚಪ್ಪಾಳೆ ತಟ್ಟಿದ್ದರು. ನಾನೂ ತಟ್ಟಿದ್ದೆ. ಕಳಿಸುವವನೂ ಓದುವವನೂ ಒಂದೇ ವೇಗದಲ್ಲಿರಬೇಕು, ಇಲ್ಲದಿದ್ದರೆ ಕಸ ಬರುತ್ತದೆ ಎಂದು ವರ್ಷ ವರ್ಷವೂ ಕರಿಹಲಗೆಯ ಮೇಲೆ ಬರೆದವನೂ ನಾನೇ. ಬರೆಯುವಾಗ ಹಲಗೆಗೆ ಮುಖ ಮಾಡಿಯೇ ನಿಂತಿದ್ದೆ, ಆದರೂ ಓದಿಕೊಂಡಿರಲಿಲ್ಲ ಎಂದು ಕಾಣುತ್ತದೆ.

ಅವಳು ಬೋರ್ಡಿನ ಮೇಲೆ ಬಗ್ಗಿದಳು. “ಈ ಕ್ರಿಸ್ಟಲ್ ಯಾರು ಹಾಕಿದ್ದು ಸರ್?”

“ಬೋರ್ಡಿನ ಜೊತೆಗೇ ಬಂದಿರ್ಬೇಕು,” ಎಂದೆ. ಈ ವಯಸ್ಸಿನಲ್ಲಿ ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಅವಳು ಅದನ್ನು ತೆಗೆದು ಸರಿಯಾದದ್ದನ್ನು ಕೂರಿಸಿದಳು. ಪರದೆಯ ಮೇಲೆ ಅಂಕಿಗಳು ಸಾಲಾಗಿ ಬಂದವು. ಭಾವ ಉಸಿರುಬಿಟ್ಟು ಉರಿ ತಗ್ಗಿಸಲು ಓಡಿದರು.

“ನನ್ನ ಪ್ರಾಕ್ಟಿಕಲ್ ಪರೀಕ್ಷೆಯಲ್ಲೂ ಹೀಗೇ ಕಸ ಬಂದಿತ್ತು,” ಎಂದಳು ನಸೀಮಾ. “ಪ್ರೋಗ್ರಾಂ ತಪ್ಪು ಅಂತ ನೀವು ಫೇಲ್ ಮಾಡಿದ್ರಿ. ಆರು ತಿಂಗಳು ಮನೇಲಿ ಕೂತಿದ್ದೆ ಸರ್.”

ಆಗ ಲ್ಯಾಬಿನ ಸ್ಟೋರಿನಲ್ಲಿ ಸರಿಯಾದ ಕ್ರಿಸ್ಟಲ್ ಇರಲಿಲ್ಲ. ಪರೀಕ್ಷೆಯ ಹಿಂದಿನ ದಿನ ಆ ಬೋರ್ಡಿಗೆ ಹನ್ನೆರಡರದನ್ನು ಹಾಕಿದ್ದು ನಾನೇ, ಮರೆತದ್ದೂ ನಾನೇ. ನೆನಪಾದಾಗ ಫಲಿತಾಂಶ ಹೊರಬಿದ್ದಿತ್ತು. ಬಾಯಿಬಿಡುವ ಧೈರ್ಯವಾಗಲಿಲ್ಲ.

“ನಸೀಮಾ, ತಪ್ಪು ನಿಂದಲ್ಲ. ಅವತ್ತೂ ನಾನೇ ಹಾಕಿದ್ದು, ಇವತ್ತೂ ನಾನೇ,” ಎಂದೆ.

“ಗೊತ್ತು ಸರ್,” ಎಂದಳು, ಸಾಮಾನನ್ನು ಚೀಲಕ್ಕೆ ತುಂಬುತ್ತಾ. “ಇಷ್ಟು ದಪ್ಪ ಬೆಸುಗೆ ನೀವು ಬಿಟ್ರೆ ಯಾರೂ ಹಾಕಲ್ಲ.” ಮೆಲ್ಲಗೆ ನಕ್ಕಳು. ನನಗೆ ಅಷ್ಟು ಸುಲಭವಾಗಿ ನಗಲಾಗಲಿಲ್ಲ.

ಜೀಪು ತಿರುವು ದಾಟಿದ ಮೇಲೆ ಭಾವ ನನ್ನ ಬೆನ್ನು ತಟ್ಟಿದರು. “ನಿನ್ನ ಸ್ಟೂಡೆಂಟಂತೆ ಅಲ್ವಾ? ಚೆನ್ನಾಗಿ ಕಲಿಸಿದೀಯ ಮಾರಾಯ.”

ನಿಜ ಹೇಳಲು ಬಾಯಿ ತೆರೆದೆ. ಅಕ್ಕ ಆಗಷ್ಟೇ ಕಾಫಿ ತಂದು ಕೈಗಿಟ್ಟಳು. ಬಿಸಿಯಾಗಿತ್ತು, ಆರುವ ಮುಂಚೆ ಕುಡಿದುಬಿಟ್ಟೆ.