ನಮ್ಮ ಮನೆಯ ಹೆಣಭಾರ

ಗಂಡನಾಗುವವನಿಗೆ ಏನಾದರೂ ಒಂದು ಹವ್ಯಾಸ ಇರಬೇಕು ಎಂದು ಹೆಣ್ಣು ನೋಡಲು ಬಂದ ದಿನವೇ ಹೇಳಿದವಳು ನಾನು. ನನ್ನ ಮನಸ್ಸಿನಲ್ಲಿದ್ದದ್ದು ಅಂಚೆಚೀಟಿ ಸಂಗ್ರಹ, ಹೆಚ್ಚೆಂದರೆ ನಾಲ್ಕು ಗುಲಾಬಿ ಗಿಡ. ಮಂಜುನಾಥ ಎಂಬ ಈ ಮನುಷ್ಯ ತಲೆ ತಗ್ಗಿಸಿಕೊಂಡು, "ಗಿಟಾರ್ ನುಡಿಸ್ತೀನ್ರಿ" ಅಂದರು. ನಮ್ಮಪ್ಪನಿಗೆ ಹುಡುಗ ಸೌಮ್ಯ ಅನಿಸಿಬಿಟ್ಟಿತು. ಯಾವ ಸಂಗೀತಕ್ಕೆ ನುಡಿಸುತ್ತೀಯಪ್ಪ ಎಂದು ಕೇಳಲು ಯಾರಿಗೂ ಹೊಳೆಯಲಿಲ್ಲ. ಕೇಳಿ, ಅವರು ಹೆವಿ ಮೆಟಲ್ ಎಂದು ಆ ಅರಚಾಟದ ಸಂಗೀತದ ಹೆಸರು ಹೇಳಿದ್ದರೂ ಅದು ಪಂಪ್‌ಸೆಟ್ಟಿನ ಯಾವುದೋ ಬಿಡಿಭಾಗ ಎಂದೇ ತಿಳಿಯುತ್ತಿದ್ದೆವು. ಹೊನ್ನಾಳಿಯಲ್ಲಿ ಅವರಿಗಿದ್ದದ್ದು ಮೋಟರ್ ವೈಂಡಿಂಗ್ ಅಂಗಡಿ.

ತಂಡದಲ್ಲಿ ನಾಲ್ಕು ಜನ, ನಾಲ್ಕು ತಾಲ್ಲೂಕು. ಹೊನ್ನಾಳಿಯ ನಮ್ಮವರದು ಗಿಟಾರು. ಚನ್ನಗಿರಿಯ ಹಾಲೇಶನದು ಇನ್ನೊಂದು, ದಪ್ಪ ತಂತಿಯ ಗಿಟಾರು. ಅವನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾನೆ. ಡ್ರಮ್ಮು ಬಾರಿಸುವ ತಿಪ್ಪೇಸ್ವಾಮಿ ಜಗಳೂರಿನ ಶಾಲೆಯೊಂದರ ಪಿ.ಟಿ. ಮೇಷ್ಟ್ರು. ಹಾಡುವವನು ಪರಮೇಶಿ. ನ್ಯಾಮತಿ ಬಸ್‌ಸ್ಟ್ಯಾಂಡಿನಲ್ಲಿ "ಶಿವಮೊಗ್ಗ ಶಿವಮೊಗ್ಗ ಶಿವಮೊಗ್ಗ" ಎಂದು ಕೂಗಿ ಖಾಸಗಿ ಬಸ್ಸಿಗೆ ಜನ ಹತ್ತಿಸುವುದು ಅವನ ಹೊಟ್ಟೆಪಾಡು. ಆ ಕೂಗು ಕೇಳಿಯೇ ನಮ್ಮವರು ಬಸ್ಸು ಬಿಟ್ಟು ಅವನನ್ನು ಹಿಡಿದು ತಂದದ್ದು. ತಂಡದ ಹೆಸರು ಹೆಣಭಾರ. ಹೆಸರು ಮಾತ್ರ ಸರಿಯಾಗಿಯೇ ಇಟ್ಟರು ಎಂದು ಇವತ್ತಿಗೂ ಒಪ್ಪುತ್ತೇನೆ. ಅವರ ಸ್ಪೀಕರ್ ಪೆಟ್ಟಿಗೆಗಳನ್ನು ಸರಿಸಿ ಸರಿಸಿ ಕಸ ಗುಡಿಸಿದವಳು ನಾನು.

"ಇಷ್ಟು ವರ್ಷ ಆಯ್ತು, ಯಾಕೆ ನಿಮ್ಮ ತಂಡ ಯಾರಿಗೂ ಗೊತ್ತಿಲ್ಲ?" ಎಂದು ಒಮ್ಮೆ ಕೇಳಿದೆ.

"ನಾವು ಅಂಡರ್‌ಗ್ರೌಂಡ್ ಕಣೆ. ಗೊತ್ತಾಗಬಾರದು, ಅದೇ ಅದರ ಮರ್ಯಾದೆ."

"ಹಂಗಾದ್ರೆ ನಮ್ಮ ಬೀದಿಯೋರಿಗೆಲ್ಲ ಹೆಂಗೆ ಗೊತ್ತಾತು?"

ಇವರು ಗಿಟಾರಿನ ಕಿವಿ ತಿರುವುತ್ತ ಕೂತರು.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಡುವವಳು. ಹಾಗಾಗಿ ಇವರು ಬರೆದ ಹಾಡುಗಳು ನನ್ನ ಕೆಂಪು ಪೆನ್ನಿನ ಕೆಳಗೆ ಬರುತ್ತಿದ್ದವು. ಹಾಡಿನಲ್ಲಿ ಮೃತ್ಯುವನ್ನು ಮನುಷ್ಯ ಅಷ್ಟು ಸಲ ಕರೆದು, ಒಂದು ಸಲವೂ ಆ ಪದವನ್ನು ಸರಿಯಾಗಿ ಬರೆಯದಿದ್ದರೆ ಯಾರಿಗೆ ಸಿಟ್ಟು ಬರುವುದಿಲ್ಲ? ತಿದ್ದಿ ಕೊಟ್ಟರೆ, "ಅರಚೋದ್ರಾಗೆ ಒತ್ತಕ್ಷರ ಯಾರಿಗೆ ಕೇಳ್ತೈತೆ" ಎನ್ನುತ್ತಿದ್ದರು.

ಇನ್ನು ಅವರ ಸಾರ್ವಜನಿಕ ಜೀವನ. ಸಾಸ್ವೆಹಳ್ಳಿಯ ಒಂದು ಮದುವೆ ಆರತಕ್ಷತೆಗೆ ಪರಮೇಶಿ ಕಾರ್ಯಕ್ರಮ ಹಿಡಿದು ತಂದ. ಗಂಡಿನ ಕಡೆಯವರಿಗೆ 'ಆರ್ಕೆಸ್ಟ್ರಾ' ಎಂದಷ್ಟೇ ಹೇಳಿದ್ದ. ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿದ್ದದ್ದು: 'ಹೆಣಭಾರ ತಂಡದವರಿಂದ ಸುಮಧುರ ಭಾವಗೀತೆಗಳು.' ಮೊದಲ ಹಾಡು ಅರ್ಧವಾಗುವ ಹೊತ್ತಿಗೆ ಮದುಮಗಳ ಸೋದರಮಾವ ವೇದಿಕೆ ಹತ್ತಿ, ಪರಮೇಶಿಯ ಬೆನ್ನು ನೀವಿ, "ಏನಾಗೈತಪ್ಪ, ನೀರು ಕುಡೀತೀಯಾ?" ಎಂದು ಕೇಳಿದರು. ಪಾಪ, ಅವರು ನಿಜವಾಗಿಯೂ ಗಾಬರಿಯಾಗಿದ್ದರು. ಜಗಳೂರಿನಲ್ಲಿ ಹೆಡ್‌ಮೇಷ್ಟ್ರ ಬೀಳ್ಕೊಡುಗೆಗೆ ನುಡಿಸಿದಾಗ ಕರೆಂಟೇ ಹೋಯಿತು. ಆ ದಿನ ಭಾಷಣದಲ್ಲಿ ಹೆಡ್‌ಮೇಷ್ಟ್ರು ವಿದ್ಯುತ್ ಇಲಾಖೆಯನ್ನು ಮನಸಾರೆ ಸ್ಮರಿಸಿದರು.

ಹೀಗಿರುವಾಗ ಹೋದ ವರ್ಷ, ತ್ಯಾವಣಿಗೆಯಲ್ಲಿ ಖಾಲಿ ಬಿದ್ದಿದ್ದ ಮೆಕ್ಕೆಜೋಳದ ಗೋದಾಮಿನಲ್ಲಿ ಇಂಥ ತಂಡಗಳದ್ದೇ ಒಂದು ಮೇಳ ಏರ್ಪಾಡಾಯಿತು. ಭಾನುವಾರ ಮಧ್ಯಾಹ್ನ. ಹುಡುಕಿಕೊಂಡು ಬರುವ ಕೇಳುಗರು ಅವರ ಜೀವಮಾನದಲ್ಲೇ ಮೊದಲು. ಇವರು ನಾಲ್ವರೂ ಒಂದು ತಿಂಗಳು ಮನೆಯಲ್ಲಿ ನೆಟ್ಟಗೆ ಊಟ ಮಾಡಲಿಲ್ಲ. ಮೇಳಕ್ಕೆ ಎರಡು ದಿನವಿದೆ ಎನ್ನುವಾಗ ಪರಮೇಶಿಯ ಗಂಟಲು ಕಟ್ಟಿತು. ಹಗಲೆಲ್ಲ ಬಸ್ಸಿಗೆ ಕೂಗಿ, ಸಂಜೆ ಮೃತ್ಯುವಿಗೆ ಕೂಗಿದರೆ ಎಷ್ಟೆಂದು ತಡೆದೀತು. ಎರಡು ತಿಂಗಳು ಮಾತಾಡಬೇಡ ಎಂದರು ಡಾಕ್ಟರು. ಧ್ವನಿ ಹೋದರೆ ಕೆಲಸವೂ ಹೋಗುತ್ತದಲ್ಲ ಎಂದು ಅವನ ಹೆಂಡತಿ ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು. ನನಗೆ ಆ ನಾಲ್ವರ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ. ಮೇಳಕ್ಕೆ ಬರುವುದಿಲ್ಲವೆಂದು ಹೇಳಿಬಿಡಿ ಅಂದರೆ ಒಬ್ಬನಿಗೂ ಬಾಯಿ ಬರಲಿಲ್ಲ. ಕೊನೆಗೆ, "ನೀನೇ ಬಂದು ಮೈಕಿನಾಗೆ ಹೇಳಿಬಿಡು, ನಿನಗೆ ಮಾತಾಡಾಕೆ ಅಭ್ಯಾಸ ಐತೆ" ಎಂದು ನನ್ನನ್ನೇ ಕರೆದುಕೊಂಡು ಹೋದರು.

ಗೋದಾಮಿನ ತುಂಬ ಕಪ್ಪು ಅಂಗಿಯ ಹುಡುಗ ಹುಡುಗಿಯರು. ನಾನು ಹತ್ತಿಯ ಸೀರೆ ಉಟ್ಟು, ಹೆಗಲಿಗೆ ವ್ಯಾನಿಟಿ ಬ್ಯಾಗ್ ಹಾಕಿಕೊಂಡು ಮೈಕಿನ ಮುಂದೆ ನಿಂತೆ. "ಮಾನ್ಯರೇ" ಎನ್ನುವಷ್ಟರಲ್ಲಿ ಸಿಳ್ಳೆ ಬಿತ್ತು. ಇಪ್ಪತ್ತು ವರ್ಷ ಒಂಬತ್ತನೇ ತರಗತಿಗೆ ಪಾಠ ಮಾಡಿದ ಗಂಟಲು ಅದು, ತಾನಾಗಿಯೇ ತೆರೆದುಕೊಂಡಿತು. "ಸುಮ್ನೆ ಕೂತ್ಕಳ್ರೀ" ಎಂದು ಅರಚಿದೆ. ತಗಡಿನ ಸೂರು ಗುಂಯ್ ಎಂದಿತು. ಹಿಂದಿದ್ದ ತಿಪ್ಪೇಸ್ವಾಮಿ ಇದೇ ಆರಂಭವೆಂದು ತಿಳಿದು ಡ್ರಮ್ಮು ಹೊಡೆದ. ನಮ್ಮವರು ಒಂದು ಗಳಿಗೆ ನನ್ನ ಮುಖ ನೋಡಿ ಗಿಟಾರಿಗೆ ಕೈ ಹಾಕಿದರು.

ನಿಲ್ಲಿಸಿ ಎಂದು ಕಿರುಚಿದೆ. ಅವರು ಜೋರು ಮಾಡಿದರು. ಆಮೇಲೆ ನನಗೇನಾಯಿತೋ ತಿಳಿಯದು. ದೇವರ ಕೋಣೆಯಲ್ಲಿ ಸ್ಪೀಕರ್ ಇಟ್ಟದ್ದು, ನನ್ನ ತಂಗಿಯ ಸೀಮಂತ ಮರೆತದ್ದು, ಒದ್ದೆ ಟವೆಲ್ಲು, ಬುಕ್ ಮಾಡದ ಗ್ಯಾಸು, ಅಡುಗೆಮನೆಯಲ್ಲಿ ಅತ್ತ ಪರಮೇಶಿಯ ಹೆಂಡತಿ, ಎಲ್ಲವನ್ನೂ ಹೊಟ್ಟೆಯಾಳದಿಂದ ಮೈಕಿಗೆ ಸುರಿದೆ. ಕಪ್ಪು ಅಂಗಿಗಳು ತಲೆ ಕೊಡವುತ್ತಿದ್ದವು. ಮುಗಿದಾಗ ಗೋದಾಮು ಎದ್ದು ನಿಂತಿತ್ತು. ಒಬ್ಬ ಹುಡುಗಿ ಓಡಿಬಂದು ನನ್ನ ಕಾಲಿಗೆ ನಮಸ್ಕಾರ ಮಾಡಿದಳು.

ಎರಡು ತಿಂಗಳಾದ ಮೇಲೆ ಪರಮೇಶಿಗೆ ಧ್ವನಿ ಮರಳಿತು. ಅಲ್ಲಿಯವರೆಗೆ ಸೀಟಿ ಊದಿಯೇ ಬಸ್ಸು ತುಂಬಿಸಿ ಕೆಲಸ ಉಳಿಸಿಕೊಂಡ. "ಅಕ್ಕಾರೇ, ನನಗೆ ಬಸ್‌ಸ್ಟ್ಯಾಂಡ್ ಸಾಕು. ನೀವೇ ಮುಂದುವರ್ಸಿರಿ" ಎಂದು ಕೈ ಮುಗಿದ. ಅವನ ಹೆಂಡತಿ ಸಿಹಿ ಕಳಿಸಿದಳು.

ಅವತ್ತು ತ್ಯಾವಣಿಗೆಯಿಂದ ಹಿಂದಿರುಗುವಾಗ ನಾನು ಎದೆ ಹಗುರ ಮಾಡಿಕೊಂಡು ಕೂತಿದ್ದೆ. ಇಷ್ಟು ವರ್ಷದ ದೂರು ಗಂಡನಿಗೆ ಮುಟ್ಟಿತಲ್ಲ ಎಂಬ ಸಮಾಧಾನ. ಸ್ವಲ್ಪ ದೂರ ಬಂದ ಮೇಲೆ ಇವರು ಮೆಲ್ಲಗೆ ಕೇಳಿದರು: "ಒಂದಕ್ಷರನೂ ತಿಳೀಲಿಲ್ಲ ಕಣೆ, ಆದ್ರೆ ಏನು ಭಾವ. ಸಾಹಿತ್ಯ ಬರೆದು ಕೊಡ್ತೀಯಾ?"

ಬರೆದು ಮುಖಕ್ಕೆ ಹಿಡಿಯೋಣವೆಂದೇ ಕೂತೆ. ಟವೆಲ್ಲಿಗೆ ಪ್ರಾಸ ಹುಡುಕುವುದರಲ್ಲಿ ಎರಡು ದಿನ ಹೋಯಿತು, ಕೋಪವೂ ಹೋಯಿತು. ಈಗ ಎರಡು ಚರಣ ಸೊಗಸಾಗಿ ಬಂದಿವೆ, ಮೂರನೆಯದಕ್ಕೆ ದೂರು ಸಾಲುತ್ತಿಲ್ಲ. ಇವರೋ, ಇತ್ತೀಚೆಗೆ ಹೇಳದೆಯೇ ಗ್ಯಾಸ್ ಬುಕ್ ಮಾಡುತ್ತಿದ್ದಾರೆ. ಹೀಗಾದರೆ ನಾನು ಹಾಡು ಮುಗಿಸುವುದು ಹೇಗೆ ಎಂದು ಮೊನ್ನೆ ಅವರನ್ನು ಚೆನ್ನಾಗಿ ಬೈದೆ.